ಕೊರೊನಾದ ಹೊಸ ತಳಿ ಬಂದಾಗೆಲ್ಲ ಅಲೆ ಏಳುವುದು ಯಾಕೆ? ಡಾಕ್ಟರ್ ಉತ್ತರ

ಪ್ರಶ್ನೆ (ವಿರಾಜಪೇಟೆಯ ಕಾಫಿ ಬೆಳೆಗಾರ): ಡಾಕ್ಟ್ರೇ, 2021ರಲ್ಲಿ ಗಡಿಯ ಮಾಕುಟ್ಟ ಗೇಟಿನಲ್ಲಿ ಕೇರಳದಿಂದ ಬರುವವರ ಹತ್ತಿರ ಕೊರೊನಾ ಇಲ್ಲವೆಂಬ ಆರ್‌ಟಿಪಿಸಿಆರ್ ಟೆಸ್ಟ್ ರಿಪೋರ್ಟ್ ಕೇಳುತ್ತಿದ್ದರು. ಆದರೂ ಹೊಸ ಹೊಸ ತಳಿ ಬರುತ್ತಲೇ ಇತ್ತು. ಇವು ಹುಟ್ಟುವುದೆಲ್ಲಿ? ಡೆಲ್ಟಾನೇ ಬದಲಾಗಿ ಓಮಿಕ್ರಾನ್ ಆಯ್ತಾ?

ಉತ್ತರ: ಇಲ್ಲ ಅಣ್ಣ, ಓಮಿಕ್ರಾನ್ ಡೆಲ್ಟಾದಿಂದ ಹುಟ್ಟಿದ್ದಲ್ಲ. ಎರಡೂ ಹಳೆಯ ವೈರಸ್‌ನಿಂದ ಬೇರೆ ಬೇರೆಯಾಗಿ ಕವಲೊಡೆದವು. ತಳಿ ಹುಟ್ಟುವುದು ಸೋಂಕು ತಗುಲಿದವರ ಮೈಯೊಳಗೆ. ಈ ವೈರಸ್‌ನ ಆರ್‌ಎನ್‌ಎಯಲ್ಲಿ, ಅಂದರೆ ಅದರ ವಂಶವಾಹಿ ಬರಹದಲ್ಲಿ, ಸುಮಾರು 30,000 ಅಕ್ಷರಗಳಿವೆ, ನಕಲು ತೆಗೆಯುವಾಗ ಅಲ್ಲೊಂದು ಇಲ್ಲೊಂದು ತಪ್ಪುತ್ತದೆ. ಹೆಚ್ಚಿನವು ಲೆಕ್ಕಕ್ಕಿಲ್ಲ. ಆದರೆ ಜೀವಕೋಶಕ್ಕೆ ಅಂಟಿಕೊಳ್ಳುವ ಸ್ಪೈಕ್ ಪ್ರೋಟೀನಿನಲ್ಲಿ ಬದಲಾದರೆ ಕಥೆಯೇ ಬೇರೆ. ಓಮಿಕ್ರಾನ್‌ಗೆ ಅಲ್ಲೇ 30ಕ್ಕೂ ಜಾಸ್ತಿ ಬದಲಾವಣೆ ಇತ್ತು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದ ಯಾರದೋ ಮೈಯಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿದು ಹೀಗಾಗಿರಬಹುದು ಅನ್ನುವುದು ವಿಜ್ಞಾನಿಗಳ ಬಲವಾದ ಊಹೆ.

ಪ್ರಶ್ನೆ (ಅದೇ ಬೆಳೆಗಾರ): ಸರಿ, ಆದರೆ ಇಡೀ ದೇಶಕ್ಕೆ ಒಟ್ಟಿಗೇ ಅಲೆ ಏಳುವುದು ಯಾಕೆ?

ಉತ್ತರ: ಹೊಸ ತಳಿಯೊಂದೇ ಅಲೆ ಎಬ್ಬಿಸುವುದಿಲ್ಲ. ಅದು ಹಿಡಿಯಬಹುದಾದಂಥ ಜನ ಸಾಕಷ್ಟು ಇರಬೇಕು, ಅವರು ಒಟ್ಟಿಗೆ ಸೇರುತ್ತಲೂ ಇರಬೇಕು. 2021ರ ಶುರುವಿನಲ್ಲಿ ಮೊದಲ ಅಲೆ ಇಳಿದಿತ್ತು, ಮದುವೆ, ಜಾತ್ರೆ, ಚುನಾವಣೆ ಎಲ್ಲ ಜೋರಾಗಿತ್ತು, ಲಸಿಕೆ ಜನವರಿಯಲ್ಲಷ್ಟೇ ಆರಂಭವಾಗಿದ್ದರಿಂದ ತುಂಬಾ ಕಡಿಮೆ ಜನಕ್ಕೆ ಸಿಕ್ಕಿತ್ತು. ಅಂಥ ಹೊತ್ತಿನಲ್ಲಿ ವೇಗವಾಗಿ ಹರಡುವ ಡೆಲ್ಟಾ ಸಿಕ್ಕಿತು. ಮೇ ಮೊದಲ ವಾರ ದಿನಕ್ಕೆ 4 ಲಕ್ಷಕ್ಕೂ ಹೆಚ್ಚು ಕೇಸು.

ಓಮಿಕ್ರಾನ್ ದಾರಿ ಬೇರೆ. ಅಷ್ಟರಲ್ಲಿ ತುಂಬಾ ಜನಕ್ಕೆ ಸೋಂಕೋ ಲಸಿಕೆಯೋ ಆಗಿತ್ತು. ನಿಮಗೆ ಎಸ್.795 ಕಾಫಿ ಗಿಡ ಗೊತ್ತಲ್ವಾ, ಮೊದಲು ಎಲೆ ತುಕ್ಕು ರೋಗವನ್ನು ತಡೆದುಕೊಳ್ಳುತ್ತಿತ್ತು, ಆಮೇಲೆ ತುಕ್ಕಿನ ಶಿಲೀಂಧ್ರದಲ್ಲೇ ಹೊಸ ಬಗೆಗಳು ಬಂದು ಅದಕ್ಕೂ ಹಿಡಿಯಿತು. ಹಾಗೆಯೇ ಸೋಂಕಿನ ವಿರುದ್ಧ ನಮ್ಮ ಮೈ ತಯಾರಿಸುವ ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳುವ ವೈರಸ್ ಗೆದ್ದಿತು. ದೇಶದ ಮೊದಲ ಎರಡು ಓಮಿಕ್ರಾನ್ ಕೇಸು ಬೆಂಗಳೂರಿನಲ್ಲಿ ಎಂದು 2021ರ ಡಿಸೆಂಬರ್ 2ರಂದು ತಿಳಿಯಿತು, ಜನವರಿಯಲ್ಲಿ ದಿನಕ್ಕೆ 3 ಲಕ್ಷ ದಾಟಿತು. ಆದರೆ ಡೆಲ್ಟಾದಷ್ಟು ಸಾವು ಆಗಲಿಲ್ಲ. ತಳಿಯ ಗುಣವೂ ಇತ್ತು, ಹಿಂದಿನ ಸೋಂಕು ಮತ್ತು ಲಸಿಕೆ ಕೊಟ್ಟ ರಕ್ಷಣೆಯೂ ಇತ್ತು.

ಪ್ರಶ್ನೆ (ಗೋಣಿಕೊಪ್ಪದ ಹೋಮ್‌ಸ್ಟೇ ನಡೆಸುವವರು): ಹಾಗಾದರೆ ಗೇಟ್ ಹಾಕಿದ್ದು ಸುಮ್ನೆನಾ ಮೇಡಂ?

ಉತ್ತರ: ಸುಮ್ನೆ ಅಲ್ಲ. ಬರುವುದನ್ನು ಸ್ವಲ್ಪ ತಡ ಮಾಡಬಹುದು, ಆಸ್ಪತ್ರೆಗೆ ತಯಾರಾಗಲು ಸಮಯ ಸಿಗುತ್ತದೆ. ಪೂರ್ತಿ ನಿಲ್ಲಿಸುವುದಕ್ಕಾಗಲ್ಲ. ಸೋಂಕು ತಗುಲಿ ಒಂದೆರಡು ದಿನದಲ್ಲಿ ಟೆಸ್ಟ್ ಮಾಡಿದರೆ ನೆಗೆಟಿವ್ ಬರಬಹುದು. ಮಾಕುಟ್ಟದಲ್ಲಿ ತಡೆದರೂ ಬೆಂಗಳೂರು, ಮೈಸೂರಿನಿಂದ ಬರುವ ದಾರಿ ತೆರೆದೇ ಇರುತ್ತದೆ. ಅದಕ್ಕೇ ವೈರಸ್‌ನ ಆರ್‌ಎನ್‌ಎ ಓದಿ ತಳಿ ಗುರುತಿಸುವ ಜೀನೋಮ್ ಪರೀಕ್ಷೆ ನಡೆಯುತ್ತಿರಬೇಕು ಅನ್ನುತ್ತೇನೆ, 2023ರ ಡಿಸೆಂಬರಿನಲ್ಲಿ ಕೇರಳದಲ್ಲಿ ಓಮಿಕ್ರಾನ್‌ನ ಉಪತಳಿ ಜೆಎನ್.1 ಇದೆ ಎಂದು ಗೊತ್ತಾಗಿದ್ದೂ ಹಾಗೆಯೇ.

ಇನ್ನೊಂದು ಮಾತು, ತೋಟದವರೆಲ್ಲ ಕೇಳಿ. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಐದಾರು ಜನ ಮಲಗುತ್ತಾರೆ, ಚಳಿಗೆ ಕಿಟಕಿ ಮುಚ್ಚಿರುತ್ತದೆ. ಒಬ್ಬರಿಗೆ ಜ್ವರ, ಕೆಮ್ಮು ಬಂದರೆ ಉಳಿದವರಿಗೂ ಬೇಗ ಹರಡುತ್ತದೆ. ಕೊಯ್ಲಿನ ಸಮಯದಲ್ಲಿ ಕೂಲಿ ಹೋಗುತ್ತದೆಂದು ಅವರು ಹೇಳುವುದೇ ಇಲ್ಲ. ಅಂಥವರಿಗೆ ಕೂಲಿ ಕೊಟ್ಟೇ ರಜೆ ಕೊಡಿ, ಬೇರೆ ಕೋಣೆ ಮಾಡಿಕೊಡಿ, ಮನೆಯಲ್ಲಿ ವಯಸ್ಸಾದವರಿದ್ದರೆ ಟೆಸ್ಟ್ ಮಾಡಿಸಿ.