ಪಿಎಸ್4 ಚೆನ್ನಾಗಿಯೇ ಓಡುತ್ತಿರುವಾಗ ಪಿಎಸ್5 ತಗೊಳ್ಳೋದು ಬೇಕಾ?

ದಾವಣಗೆರೆ_ಪ್ಲೇಯರ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಹಳೆಯ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4 ಗೇಮ್ ಯಂತ್ರ) ಇದೆ, ಹೆಚ್ಚು ಬಲದ ಪ್ರೋ ಮಾಡೆಲ್ ಅಲ್ಲ, ಸಾದಾ 500 ಜಿಬಿದು. ಟಿವಿ 1080ಪಿ. ಗಾಡ್ ಆಫ್ ವಾರ್ ರಾಗ್ನರಾಕ್, ಹೊರೈಜನ್ ಫರ್ಬಿಡನ್ ವೆಸ್ಟ್ ಎರಡೂ ಆಟಗಳನ್ನು ಇದರಲ್ಲೇ ಮುಗಿಸಿದ್ದೇನೆ, ಎಲ್ಲೂ ಕೊರತೆ ಅನ್ನಿಸಲಿಲ್ಲ. ಆಮೇಲೆ ಗೆಳೆಯನ ಮನೆಯಲ್ಲಿ ಅದೇ ರಾಗ್ನರಾಕ್ ಅನ್ನು ಪಿಎಸ್5ರಲ್ಲಿ ನೋಡಿದೆ. ಚಿತ್ರ ಸ್ವಲ್ಪ ಚೊಕ್ಕವಾಗಿದೆ, ಅಷ್ಟೇ. ಪಿಎಸ್2ರಿಂದ ಪಿಎಸ್3ಕ್ಕೆ ಬಂದಾಗ ಬಾಯಿ ಬಿಟ್ಟುಕೊಂಡು ನೋಡಿದ್ದೆವು, ಆ ಥರ ಏನೂ ಆಗಲಿಲ್ಲ.

2021ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಹಾಕುವ ಮಾಡೆಲ್‌ಗೆ 49,990 ರೂಪಾಯಿ ಇತ್ತು. ವರ್ಷ ಕಳೆದಂತೆ ಇಳಿಯುತ್ತದೆ ಅಂದುಕೊಂಡರೆ 54,990 ಆಯಿತು. ಇಷ್ಟು ದುಡ್ಡು ಕೊಟ್ಟವನಿಗೆ ನಿಜವಾಗಿ ಏನು ಸಿಗುತ್ತದೆ? ಚಿಪ್‌ನ ಬಲ ಅಳೆಯುವ ಟೆರಾಫ್ಲಾಪ್ ಲೆಕ್ಕ ಬೇಡ. ಸೋಫಾ ಮೇಲೆ ಕೂತು ಆಡುವವನಿಗೆ ಏನು ಬದಲಾಗುತ್ತದೆ, ಅದನ್ನು ಹೇಳಿ.

ಶಿರಸಿ_ಕಂಟ್ರೋಲರ್:

ನೀವು ಹೋಲಿಸಿದ ಆಟದಲ್ಲೇ ಉತ್ತರ ಇದೆ ಬ್ರದರ್. ರಾಗ್ನರಾಕ್ 2022ರಲ್ಲಿ ಬಂದರೂ ಪಿಎಸ್4ರಲ್ಲೂ ಓಡಬೇಕು ಅಂತಲೇ ಕಟ್ಟಿದ ಆಟ. 2013ರ ಯಂತ್ರಕ್ಕೆ ಏನು ಸಾಧ್ಯವೋ ಅಷ್ಟರೊಳಗೇ ಅದನ್ನು ಮಾಡಿದ್ದಾರೆ. ಅದನ್ನೇ ಎರಡು ಕಡೆ ನೋಡಿದರೆ ವ್ಯತ್ಯಾಸ ಕಾಣದೇ ಇರುವುದು ಸಹಜ.

ದೊಡ್ಡ ಬದಲಾವಣೆ ಇರುವುದು ಚಿತ್ರದಲ್ಲಲ್ಲ, ಆಟದ ಡೇಟಾ ಇಡುವ ಒಳಗಿನ ಡಿಸ್ಕ್‌ನಲ್ಲಿ. ಪಿಎಸ್4ರ ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕ್, ಅದು ಸೆಕೆಂಡಿಗೆ 50ರಿಂದ 100 ಎಂಬಿ ಓದಿದರೆ ಹೆಚ್ಚು. ಪಿಎಸ್5ರ ಎಸ್‌ಎಸ್‌ಡಿ (ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕ್) ಸೆಕೆಂಡಿಗೆ 5.5 ಜಿಬಿ ಓದುತ್ತದೆ. ಈ ನಿಧಾನದಿಂದ ಆಟ ಮಾಡುವವರು ಎಂಥ ಕಷ್ಟ ಪಡುತ್ತಿದ್ದರು ಗೊತ್ತಾ? ಪಿಎಸ್5 ವಿನ್ಯಾಸ ಮಾಡಿದ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ಇದನ್ನು ವಿವರಿಸಿದ್ದರು. ಸ್ಪೈಡರ್‌ಮ್ಯಾನ್ ಆಟದ ರಸ್ತೆ ಬದಿಯ ಟಪಾಲು ಡಬ್ಬಿಯಂಥ ಸಣ್ಣ ವಸ್ತುಗಳ ಡೇಟಾ ಡಿಸ್ಕ್‌ನಲ್ಲಿ 400 ಸಲ ನಕಲಾಗಿ ಇರುತ್ತಿತ್ತಂತೆ. ಯಾಕೆ ಅಂದರೆ ಹಾರ್ಡ್ ಡಿಸ್ಕ್‌ನ ಮುಳ್ಳು ದೂರ ಓಡಾಡಿ ಒಂದೊಂದನ್ನೂ ಹುಡುಕುತ್ತಾ ಕೂತರೆ ಅಷ್ಟರಲ್ಲಿ ನೀವು ಮುಂದಿನ ಬೀದಿಗೆ ಹಾರಿಯೇ ಬಿಟ್ಟಿರುತ್ತೀರಿ, ಹಾಗಾಗಿ ಪ್ರತಿ ಬೀದಿಯ ಡೇಟಾ ಜೊತೆಗೂ ಒಂದೊಂದು ನಕಲು ಇಡಲೇಬೇಕಿತ್ತು.

ಗಾಡ್ ಆಫ್ ವಾರ್ ನಾಯಕ ಕ್ರಾಟೋಸ್ ಬಂಡೆ ಸಂದಿಯಲ್ಲಿ ಅಡ್ಡ ತಿರುಗಿ ನಿಧಾನವಾಗಿ ನುಸುಳುತ್ತಾನಲ್ಲ, ಅಲ್ಲೂ ಹಿಂದಿನಿಂದ ಮುಂದಿನ ಜಾಗ ಲೋಡ್ ಆಗುತ್ತಿರುತ್ತದೆ. ನಮಗೆ ಅದು ಕಥೆಯ ಭಾಗ ಅನ್ನಿಸುತ್ತದೆ, ನಿಜಕ್ಕೂ ಅದು ಕಾಯುವ ಕೋಣೆ. 2019ರಲ್ಲಿ ಸೋನಿ ತೋರಿಸಿದ ಡೆಮೋದಲ್ಲಿ ಅದೇ ಸ್ಪೈಡರ್‌ಮ್ಯಾನ್ ಲೋಡ್ ಆಗಲು ಪಿಎಸ್4 ಪ್ರೋಗೆ 8 ಸೆಕೆಂಡು ಹಿಡಿದರೆ ಹೊಸ ಯಂತ್ರಕ್ಕೆ ಒಂದು ಸೆಕೆಂಡೂ ಬೇಕಾಗಲಿಲ್ಲ. ರ‍್ಯಾಚೆಟ್ ಅಂಡ್ ಕ್ಲ್ಯಾಂಕ್ ರಿಫ್ಟ್ ಅಪಾರ್ಟ್ ಆಡಿ ನೋಡಿ. ಒಂದು ಲೋಕದಿಂದ ಇನ್ನೊಂದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತೀರಿ.

ಮಂಗಳೂರು_60:

ಮೇಲಿನವರು ಹೇಳಿದ್ದು ಸರಿ, ಆದರೆ ನನಗೆ ಲೋಡಿಂಗ್‌ಗಿಂತ ಮುಖ್ಯ ಫ್ರೇಮ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಅನ್ನೋದು. ಪಿಎಸ್4ರ ಪ್ರೊಸೆಸರ್ 1.6 ಗಿಗಾಹರ್ಟ್ಸ್‌ನ ಜಾಗ್ವಾರ್, 2013ರಲ್ಲೇ ಅದು ಬಲವಾದದ್ದೇನೂ ಆಗಿರಲಿಲ್ಲ. ಅದಕ್ಕೇ ಅಷ್ಟೊಂದು ದೊಡ್ಡ ಆಟಗಳು 30 ಫ್ರೇಮ್‌ಗೇ ನಿಂತವು. ಪಿಎಸ್5ರದ್ದು 3.5 ಗಿಗಾಹರ್ಟ್ಸ್‌ನ ಜೆನ್ 2. 30ರಲ್ಲಿ ಪ್ರತಿ ಚಿತ್ರ 33 ಮಿಲಿಸೆಕೆಂಡು ನಿಲ್ಲುತ್ತದೆ, 60ರಲ್ಲಿ ಅದರ ಅರ್ಧ. ಫೋಟೋ ಇಟ್ಟು ಹೋಲಿಸಿದರೆ ಇದು ಗೊತ್ತಾಗುವುದೇ ಇಲ್ಲ. ಗೆಳೆಯನ ಹಿಂದೆ ನಿಂತು ನೋಡಿದರೂ ಪೂರ್ತಿ ಗೊತ್ತಾಗುವುದಿಲ್ಲ. ಕಂಟ್ರೋಲರ್ ನಿಮ್ಮ ಕೈಯಲ್ಲಿದ್ದು, ಏಟು ಬರುವ ಕ್ಷಣಕ್ಕೆ ಪಕ್ಕಕ್ಕೆ ಉರುಳಲು ಬಟನ್ ಒತ್ತಿದಾಗ ಗೊತ್ತಾಗುತ್ತದೆ. ಒಂದು ಗಂಟೆ ಹಾಗೆ ಆಡಿ ವಾಪಸ್ 30ಕ್ಕೆ ಬನ್ನಿ, ಕೈ ಭಾರ ಅನ್ನಿಸುತ್ತದೆ.

ಇದು ನನ್ನೊಬ್ಬನ ರುಚಿ ಅಲ್ಲ. ಚಿತ್ರ ಚೆಂದ ಬೇಕಾ, ವೇಗ ಬೇಕಾ ಅಂತ ಆಟ ಕೇಳಿದಾಗ ಮುಕ್ಕಾಲು ಪಾಲು ವೇಗವನ್ನೇ ಆರಿಸುತ್ತಾರೆ ಅಂತ ಸರ್ನಿ ಅವರೇ 2024ರಲ್ಲಿ ಹೇಳಿದ್ದಾರೆ. ಮತ್ತೆ ಇದಕ್ಕೆ 4ಕೆ ಟಿವಿ ಬೇಕಿಲ್ಲ, ನಿಮ್ಮ 1080ಪಿ ಟಿವಿಯಲ್ಲೇ 60 ಫ್ರೇಮ್ ಬರುತ್ತದೆ.

ಒಂದು ಎಚ್ಚರಿಕೆ. ಹಳೇ ಆಟಗಳೆಲ್ಲ ತಾವಾಗಿಯೇ ಸುಧಾರಿಸುವುದಿಲ್ಲ. 2018ರ ಗಾಡ್ ಆಫ್ ವಾರ್‌ಗೆ ಅಪ್‌ಡೇಟ್ ಕೊಟ್ಟರು, 60 ಆಯಿತು. ಬ್ಲಡ್‌ಬೋರ್ನ್‌ಗೆ ಕೊಡಲಿಲ್ಲ, ಅದು ಪಿಎಸ್5ರಲ್ಲೂ 30ರಲ್ಲೇ ಓಡುತ್ತದೆ. ನನ್ನ ಪ್ರಕಾರ ಇದು ದೊಡ್ಡ ಅನ್ಯಾಯ.

ಹಳೇ_ಡಿಸ್ಕ್:

ಇಬ್ಬರೂ ಹೇಳಿದ್ದು ಒಪ್ಪುತ್ತೇನೆ, ಆದರೂ ಸದ್ಯಕ್ಕೆ ಬೇಡ ಅನ್ನುತ್ತೇನೆ.

ನಿಮಗೆ ಪಿಎಸ್3ರ ಕಾಲದ ಬೆರಗು ಯಾಕೆ ಆಗಲಿಲ್ಲ ನೋಡಿ. ಪಿಎಸ್3ರಲ್ಲಿ ಮೆಮೊರಿ ಒಟ್ಟು 512 ಎಂಬಿ. ಪಿಎಸ್4ರಲ್ಲಿ 8 ಜಿಬಿ, ಅಂದರೆ 16 ಪಟ್ಟು. ಪಿಎಸ್5ರಲ್ಲಿ 16 ಜಿಬಿ, ಬರೀ ಎರಡು ಪಟ್ಟು. ಮುಖದ ಚರ್ಮ, ಕೂದಲು, ನೀರು ಇವೆಲ್ಲ ಪಿಎಸ್4ರ ಹೊತ್ತಿಗೇ ಸಾಕಷ್ಟು ಚೆನ್ನಾಗಿ ಬಂದಿದ್ದವು. ಅದರ ಮೇಲೆ ಎಷ್ಟು ತಿದ್ದಿದರೂ ಕಣ್ಣಿಗೆ ಬೀಳುವುದು ಕಡಿಮೆ.

ಇನ್ನು ಪಿಎಸ್5ಕ್ಕೆ ಮಾತ್ರ ಅಂತ ಬಂದ ಸೋನಿಯ ದೊಡ್ಡ ಆಟಗಳು ಬೆರಳೆಣಿಕೆ. ರಿಫ್ಟ್ ಅಪಾರ್ಟ್, ಸ್ಪೈಡರ್‌ಮ್ಯಾನ್ 2, ಆಸ್ಟ್ರೋ ಬಾಟ್ ಥರದವು. ಎಲ್ಡನ್ ರಿಂಗ್ ಪಿಎಸ್4ರಲ್ಲೂ ಇದೆ, 2024ರಲ್ಲಿ ಬಂದ ಅದರ ಮುಂದುವರಿದ ಭಾಗವೂ ಇದೆ. ಕ್ರಿಕೆಟ್ 24 ಕೂಡ ಸಿಗುತ್ತದೆ. ಸ್ನೇಹಿತರು ಬಂದಾಗ ಎರಡು ಕಂಟ್ರೋಲರ್ ಹಿಡಿದು ಕ್ರಿಕೆಟ್, ಫುಟ್‌ಬಾಲ್ ಆಡುವವರಿಗೆ ಹೊಸದು ಯಾಕೆ ಬೇಕು?

ಮೊದಲು ಒಂದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಂದು ಪಿಎಸ್4ಗೆ ಹಾಕಿ. ಡಿಸ್ಕ್ ಬದಲಿಸಿಕೊಳ್ಳಲು ಸೋನಿಯೇ ಅವಕಾಶ ಇಟ್ಟಿದೆ, ಸ್ಕ್ರೂಡ್ರೈವರ್ ಒಂದಿದ್ದರೆ ಸಾಕು. ಪಿಎಸ್5ರ ವೇಗ ಬರುವುದಿಲ್ಲ, ಆದರೆ ಲೋಡಿಂಗ್ ಖಂಡಿತ ಕಡಿಮೆಯಾಗುತ್ತದೆ. ಹಾಗೇ ಒಳಗಿನ ಧೂಳು ತೆಗೆಸಿ, ಫ್ಯಾನ್ ಶಬ್ದವೂ ತಗ್ಗುತ್ತದೆ.

ಕೋಲಾರ_ಎಕ್ಸ್:

ಯಾರೂ ಹೇಳದ ಒಂದು ಮಾತು. ಹೊಸದು ಎಷ್ಟು ಚೆಂದ ಅನ್ನೋದಕ್ಕಿಂತ ಹಳೇದಕ್ಕೆ ಬಾಗಿಲು ಯಾವಾಗ ಮುಚ್ಚುತ್ತದೆ ಅನ್ನೋದು ಮುಖ್ಯ. ಸೈಬರ್‌ಪಂಕ್ 2077 ಪಿಎಸ್4ರಲ್ಲಿ ಎಷ್ಟು ಕೆಟ್ಟದಾಗಿ ಓಡಿತ್ತು ಅಂದರೆ 2020ರ ಡಿಸೆಂಬರ್‌ನಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದು ದುಡ್ಡು ವಾಪಸ್ ಕೊಟ್ಟಿತು. ಅದರ ಹೆಚ್ಚುವರಿ ಭಾಗ ಫ್ಯಾಂಟಮ್ ಲಿಬರ್ಟಿ 2023ರಲ್ಲಿ ಬಂದಾಗ ಪಿಎಸ್4ಗೆ ಕೊಡಲೇ ಇಲ್ಲ. ನೀವು ಮುಗಿಸಿದ ಫರ್ಬಿಡನ್ ವೆಸ್ಟ್‌ನ ಕಥೆ ಬರ್ನಿಂಗ್ ಶೋರ್ಸ್‌ನಲ್ಲಿ ಮುಂದುವರಿಯುತ್ತದೆ, ಅದೂ ಪಿಎಸ್4ಗೆ ಬರಲಿಲ್ಲ. ಜಿಟಿಎ 6 ಘೋಷಣೆ ಆಗಿರುವುದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ.

ದಾವಣಗೆರೆ_ಪ್ಲೇಯರ್:

ಎಲ್ಲರಿಗೂ ಥ್ಯಾಂಕ್ಸ್. ಬರ್ನಿಂಗ್ ಶೋರ್ಸ್ ವಿಷಯ ಗೊತ್ತೇ ಇರಲಿಲ್ಲ, ಆ ಆಟದ ನಾಯಕಿ ಏಲಾಯ್ ಕಥೆ ಅರ್ಧಕ್ಕೆ ಬಿಡುವುದು ನನ್ನಿಂದ ಆಗುವುದಿಲ್ಲ! ಸದ್ಯಕ್ಕೆ ಎಸ್‌ಎಸ್‌ಡಿ ಹಾಕಿಸುತ್ತೇನೆ, ಪಿಎಸ್5ಗೆ ದುಡ್ಡು ಕೂಡಿಡುತ್ತೇನೆ. ನನ್ನ ಹತ್ರ ಒಂದು ಶೆಲ್ಫ್ ತುಂಬ ಪಿಎಸ್4 ಡಿಸ್ಕ್ ಇವೆ. ಅವು ಪಿಎಸ್5ರಲ್ಲಿ ನಡೆಯುತ್ತವಾ? ಆಟದಲ್ಲಿ ಎಲ್ಲಿವರೆಗೆ ಬಂದಿದ್ದೇನೆ ಅನ್ನೋ ಸೇವ್‌ಗಳು?

ಮಂಗಳೂರು_60:

ಹತ್ತಿರ ಹತ್ತಿರ ಎಲ್ಲಾ ಪಿಎಸ್4 ಆಟಗಳೂ ನಡೆಯುತ್ತವೆ. ಆದರೆ ಡಿಸ್ಕ್ ಹಾಕುವ ಮಾಡೆಲ್ಲೇ ತಗೊಳ್ಳಿ. ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಎಡಿಷನ್ ಸ್ವಲ್ಪ ಅಗ್ಗ ಅಂತ ತಂದರೆ, ಬೇರೆಯಾಗಿ ಡ್ರೈವ್ ಸೇರಿಸದ ಹೊರತು ಆ ಶೆಲ್ಫ್ ಪೂರ್ತಿ ಸುಮ್ನೆ ಕೂರುತ್ತದೆ. ಸೇವ್‌ಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಅಲ್ಲಿ ಹಾಕಿಕೊಳ್ಳಬಹುದು, ಇಲ್ಲವೇ ಎರಡೂ ಯಂತ್ರವನ್ನು ಒಂದೇ ವೈಫೈಗೆ ಸೇರಿಸಿ ವರ್ಗಾಯಿಸಬಹುದು. ಹಾಗಾಗಿ ಹಳೇದನ್ನು ಮಾರುವ ಯೋಚನೆ ಇದ್ದರೆ ಇದೆಲ್ಲ ಮುಗಿಯುವ ತನಕ ತಡೆಯಿರಿ. ಹಳೇ ಕಂಟ್ರೋಲರ್ ಕೂಡ ಪಿಎಸ್4 ಆಟಗಳಿಗೆ ನಡೆಯುತ್ತದೆ, ಪಿಎಸ್5 ಆಟಗಳಿಗೆ ಹೊಸದೇ ಬೇಕು.