ಸ್ಟೀಮ್ ಎಂಜಿನ್ ಭಾಗಗಳ ಪೆನ್ಸಿಲ್ ಚಿತ್ರ: ಬಿಡಿಸಿದವರು ಹೇಳಿ

ಪ್ರಶ್ನೆ, ಡೊಂಬಿವಲಿಯಿಂದ:
ನಮಸ್ಕಾರ. ಸ್ಟೀಮ್ ಎಂಜಿನ್ನಿನ ಚಕ್ರ, ರಾಡು, ಸಿಲಿಂಡರುಗಳನ್ನು ಪೆನ್ಸಿಲ್‌ನಲ್ಲಿ ಸರಣಿಯಾಗಿ ಬಿಡಿಸುವ ಆಸೆ. ಇಡೀ ಎಂಜಿನ್ ಬೇಡ. ಒಂದು ಹಾಳೆಗೆ ಒಂದು ಭಾಗ, ನಟ್ಟು ಬೋಲ್ಟು ಸಮೇತ. ಎಲ್ಲಿಂದ ಶುರು ಮಾಡಲಿ? ಮುಂಬೈ, ಪುಣೆ ಕಡೆ ಎಲ್ಲಿ ನೋಡಬಹುದು?

ಮಾಟುಂಗಾದಿಂದ:
ರೈಲ್ವೆ ವರ್ಕ್‌ಶಾಪಿನಲ್ಲಿದ್ದು ನಿವೃತ್ತನಾದವನು ನಾನು. ಚಿತ್ರದ ಹುಚ್ಚು ಆಮೇಲೆ ಹತ್ತಿದ್ದು. ಯಾವ ರಾಡು ಯಾವುದನ್ನು ತಳ್ಳುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಅದು ಗೊತ್ತಾದರೆ ಫೋಟೋದಲ್ಲಿ ಕಪ್ಪಾಗಿ ಮುಚ್ಚಿಹೋದ ಜಾಗದಲ್ಲೂ ಏನಿರಬೇಕು ಅಂತ ಕೈಗೆ ಗೊತ್ತಾಗುತ್ತದೆ.

ಸಿಲಿಂಡರಿನಿಂದ ಶುರು ಮಾಡಿ. ಪಿಸ್ಟನ್ ರಾಡು ಬಂದು ಕ್ರಾಸ್‌ಹೆಡ್ಡಿಗೆ ಸೇರುತ್ತದೆ. ಕ್ರಾಸ್‌ಹೆಡ್ ಸ್ಲೈಡ್ ಬಾರ್ ಹಿಡಿದು ಹಿಂದೆ ಮುಂದೆ ಜಾರುತ್ತದೆ. ಅಲ್ಲಿಂದ ಕನೆಕ್ಟಿಂಗ್ ರಾಡು ಹೋಗಿ ಚಕ್ರದ ನಡುವಿನಿಂದ ಸ್ವಲ್ಪ ಆಚೆ ಕೂತಿರುವ ಕ್ರ್ಯಾಂಕ್ ಪಿನ್ನನ್ನು ತಿರುಗಿಸುತ್ತದೆ. ಉಳಿದ ಚಕ್ರಗಳಿಗೆ ಆ ಬಲ ಮುಟ್ಟಿಸುವುದು ಕಪ್ಲಿಂಗ್ ರಾಡು. ಇಷ್ಟಕ್ಕೇ ಮೂರ್ನಾಲ್ಕು ಹಾಳೆ ಬೇಕು.

ಆಮೇಲೆ ವಾಲ್ಶಾರ್ಟ್ಸ್ ವಾಲ್ವ್ ಗೇರ್, ಅಂದರೆ ಸಿಲಿಂಡರಿಗೆ ಹಬೆ ಬಿಡುವ ವಾಲ್ವನ್ನು ಆಡಿಸುವ ರಾಡುಗಳ ಜೋಡಣೆ. ಬೆಲ್ಜಿಯಂನವರು 1844ರಲ್ಲಿ ಪೇಟೆಂಟ್ ಮಾಡಿದ್ದು. ನಮ್ಮ ಬ್ರಾಡ್‌ಗೇಜ್ ಡಬ್ಲ್ಯುಪಿ, ಡಬ್ಲ್ಯುಜಿ ಎಂಜಿನ್ನುಗಳಲ್ಲೂ ಇದೇ ಇತ್ತು. ಕ್ರ್ಯಾಂಕ್ ಪಿನ್ನಿನ ಹೊರತುದಿಯಲ್ಲಿ ಗಿಡ್ಡ ತೋಳಿನ ಹಾಗೆ ಒಂದು ರಿಟರ್ನ್ ಕ್ರ್ಯಾಂಕ್ ಇರುತ್ತದೆ. ಅದು ಎಕ್ಸೆಂಟ್ರಿಕ್ ರಾಡಿನ ಮೂಲಕ ಬಾಗಿದ ಎಕ್ಸ್‌ಪಾನ್ಷನ್ ಲಿಂಕನ್ನು ತೂಗಿಸುತ್ತದೆ. ಲಿಂಕಿನೊಳಗೆ, ವಾಲ್ವಿನ ಕಡೆಗೆ ಹೋಗುವ ರೇಡಿಯಸ್ ರಾಡು ಎಷ್ಟು ಮೇಲೆ ಅಥವಾ ಕೆಳಗೆ ನಿಂತಿದೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಎಂಜಿನ್ ಮುಂದಕ್ಕೆ ಹೊರಟಿದೆಯೋ ಹಿಂದಕ್ಕೋ ಅಂತ ಹೇಳುವುದು ಅದೇ. ಕ್ರಾಸ್‌ಹೆಡ್ಡಿನ ಹತ್ತಿರ ನೆಟ್ಟಗೆ ಇಳಿಬಿದ್ದಿರುವುದು ಕಾಂಬಿನೇಷನ್ ಲಿವರ್. ಜಾಸ್ತಿ ಜನ ಅದನ್ನು ಸುಮ್ನೆ ಒಂದು ಕಡ್ಡಿ ಅಂತ ಗೀಚಿಬಿಡುತ್ತಾರೆ. ಅದರ ಮೂರು ಪಿನ್ನುಗಳನ್ನು ಬಿಡಿಸುವಾಗ ಒಂದು ಪೂರ್ತಿ ಸಂಜೆ ಕೊಡಿ. ಮೇಲಿನ ಎರಡು ಪಿನ್ನು ಹತ್ತಿರ ಹತ್ತಿರ, ಕೆಳಗಿನದು ದೂರ.

ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಎಡ ಬಲದ ಕ್ರ್ಯಾಂಕುಗಳು 90 ಡಿಗ್ರಿ ವ್ಯತ್ಯಾಸದಲ್ಲಿರುತ್ತವೆ. ಒಂದು ಕಡೆಯ ಪಿಸ್ಟನ್ ತುದಿ ಮುಟ್ಟಿ ನಿಂತರೂ ಇನ್ನೊಂದು ಎಳೆಯಬೇಕಲ್ವಾ? ಹಾಗಾಗಿ ಬಲಗಡೆಯ ಫೋಟೋವನ್ನು ತಿರುಗಿಸಿ ಎಡಗಡೆ ಅಂತ ಬಿಡಿಸಬೇಡಿ. ಗೊತ್ತಿದ್ದವರು ನೋಡಿದ ತಕ್ಷಣ ಹಿಡಿಯುತ್ತಾರೆ.

ಥಾಣೆಯಿಂದ:
ಹಿರಿಯರು ಹೇಳಿದ್ದು ಅಪ್ಪಟ ಸತ್ಯ. ನಾನು ಪೆನ್ಸಿಲ್ ಬಗ್ಗೆ ಹೇಳುತ್ತೇನೆ. ನುಣುಪು ಮೈಯ ಬ್ರಿಸ್ಟಲ್ ಹಾಳೆ ತಗೊಳ್ಳಿ. ಒರಟು ಕಾಗದದಲ್ಲಿ ಕಬ್ಬಿಣದ ಅಂಚು ಚೂಪಾಗಿ ಬರುವುದಿಲ್ಲ. ಗೆರೆ ಹಾಕಲು 2ಎಚ್, ನೆರಳಿಗೆ ಎಚ್‌ಬಿಯಿಂದ 4ಬಿ. ಎಂಜಿನ್ ಅಡಿಯ ಗಾಢ ಕಪ್ಪಿಗೆ 8ಬಿ ಒತ್ತಿದರೆ ಗ್ರಾಫೈಟ್ ಮಿಂಚಿ ಬೂದಿಯಾಗಿ ಕಾಣುತ್ತದೆ. ಅಲ್ಲಿಗೆ ಕಾರ್ಬನ್ ಪೆನ್ಸಿಲ್ ಒಳ್ಳೆಯದು.

ಎಲ್ಲಾ ಲೋಹಕ್ಕೂ ಒಂದೇ ನೆರಳು ಬೇಡ. ಎರಕದ ಸಿಲಿಂಡರ್ ಮಂಕು, ಬೆಳಕು ನಿಧಾನವಾಗಿ ಇಳಿಯುತ್ತದೆ. ಉಜ್ಜಿದ ರಾಡಿನಲ್ಲಿ ಬಿಳಿ ಪಟ್ಟಿ, ಅದರ ಪಕ್ಕದಲ್ಲೇ ಕಪ್ಪು ಪಟ್ಟಿ, ನಡುವೆ ಏನೂ ಇಲ್ಲ. ರಾಡಿನ ಬದಿಯಲ್ಲಿ ಉದ್ದಕ್ಕೂ ತೋಡು ಇದ್ದರೆ ಅದರ ಮೇಲಂಚಿನ ಕೆಳಗೆ ತೆಳು ನೆರಳು ಕೊಡಿ. ರಾಡಿಗೆ ಅಷ್ಟರಲ್ಲೇ ತೂಕ ಬರುತ್ತದೆ.

ಚಕ್ರವನ್ನು ಓರೆಯಿಂದ ಬಿಡಿಸುವಾಗ ಮೊಟ್ಟೆಯಾಕಾರದ ಗಿಡ್ಡ ಅಕ್ಷ ಆಕ್ಸಲ್ಲಿನ ದಿಕ್ಕಿಗೇ ಇರಲಿ. ಫೋಟೋ ಹತ್ತಿರದಿಂದ ತೆಗೆಯಬೇಡಿ, ದೂರ ನಿಂತು ಝೂಮ್ ಮಾಡಿ. ಇಲ್ಲದಿದ್ದರೆ ಮುಂದಿನ ಚಕ್ರ ಊದಿಕೊಳ್ಳುತ್ತದೆ.

ನಮ್ಮ ಮಳೆಗಾಲದಲ್ಲಿ ಹಾಳೆ ತೇವ ಎಳೆದು ಸೊಟ್ಟಗಾಗುತ್ತದೆ. ಕೈಯಡಿ ಒಂದು ಬಿಳಿ ಕಾಗದ ಇಟ್ಟುಕೊಳ್ಳಿ. ಪೆನ್ಸಿಲ್ ಗುರುತು ಅಳಿಸಿಹೋಗದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇಯನ್ನು ಒಣ ದಿನ ನೋಡಿ ಹೊಡೆಯಿರಿ.

ಪುಣೆ, ಕೊತ್ರೂಡಿನಿಂದ:
ವರ್ಲಿಯ ನೆಹರು ಸೈನ್ಸ್ ಸೆಂಟರಿನ ಹೊರಾಂಗಣದಲ್ಲಿ ಸ್ಟೀಮ್ ಎಂಜಿನ್ ಇದೆ. ನಮ್ಮ ಕೊತ್ರೂಡಿನ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಮಾದರಿಗಳದ್ದು, ಓಡುವುದನ್ನು ನೋಡಲಿಕ್ಕೆ ಚೆಂದ. ಊರಿಗೆ ಹೋದಾಗ ಮೈಸೂರಿನ ರೈಲು ಸಂಗ್ರಹಾಲಯ ತಪ್ಪಿಸಬೇಡಿ, 1979ರಲ್ಲಿ ಶುರುವಾದದ್ದು. ಒಂದು ಎಚ್ಚರಿಕೆ: ಮ್ಯೂಸಿಯಂ ಎಂಜಿನ್ನುಗಳಿಗೆ ಬಣ್ಣ ದಪ್ಪಗೆ ಬಳಿದಿರುತ್ತಾರೆ. ಎಣ್ಣೆ ಸುರಿಯುವ, ಕೆಲಸದಲ್ಲಿರುವ ಲೋಹ ನೋಡಬೇಕಾದರೆ ನೀಲಗಿರಿ ರೈಲಿಗೆ ಹೋಗಿ. ಅಲ್ಲಿನ ಎಕ್ಸ್ ಕ್ಲಾಸ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಕೆಳಗಿನ ಎರಡು ಚಕ್ರಗಳಿಗೆ, ಮೇಲಿನ ಎರಡು ಹಲ್ಲುಕಂಬಿ ಹಿಡಿದು ಹತ್ತುವ ಪಿನಿಯನ್ನಿಗೆ, ಅಂದರೆ ಹಲ್ಲುಚಕ್ರಕ್ಕೆ. ಅದೊಂದೇ ನಿಮ್ಮ ಸರಣಿಗೆ ಸಾಕಾಗುವಷ್ಟಿದೆ.

ಡೊಂಬಿವಲಿಯಿಂದ ಮತ್ತೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಟುಂಗಾದ ಅಂಕಲ್, ಎ3 ಹಾಳೆಗೆ ಯಾವ ಅಳತೆ ಇಟ್ಟುಕೊಳ್ಳಲಿ?

ಮಾಟುಂಗಾದಿಂದ:
ಹತ್ತಕ್ಕೊಂದು ಇಡಮ್ಮ. ಡಬ್ಲ್ಯುಪಿ ಎಂಜಿನ್ನಿನ ದೊಡ್ಡ ಚಕ್ರದ ಅಡ್ಡಳತೆ 1705 ಮಿ.ಮೀ., ಹಾಳೆಯ ಮೇಲೆ ಸುಮಾರು 17 ಸೆಂ.ಮೀ. ಆಗುತ್ತದೆ. ಪಿಸ್ಟನ್ ಓಟ 28 ಇಂಚು. ಅದರ ಅರ್ಧ, ಅಂದರೆ 14 ಇಂಚು, ಚಕ್ರದ ನಡುವಿನಿಂದ ಕ್ರ್ಯಾಂಕ್ ಪಿನ್ನಿಗಿರುವ ದೂರ. ಹಾಳೆಯಲ್ಲಿ ಮೂರೂವರೆ ಸೆಂ.ಮೀ. ಆ ಚುಕ್ಕೆಯನ್ನು ಮೊದಲು ಇಡಿ, ರಾಡುಗಳನ್ನೆಲ್ಲ ಅಲ್ಲಿಂದಲೇ ಎಳೆಯಿರಿ.