ಏಳು ವರ್ಷದ ಮಗಳಿಗೆ ಮನೆಯಲ್ಲೇ ಕಲಿಕೆ, ಓದು ಇನ್ನೂ ಬಂದಿಲ್ಲ. ಕಾಯಬಹುದಾ?

ಮೈಸೂರಿನ ಅಮ್ಮ:
ಮಗಳನ್ನು ಶಾಲೆ ಬಿಡಿಸಿ ಒಂದು ವರ್ಷವಾಯಿತು. ಟೈಮ್‌ಟೇಬಲ್ ಇಲ್ಲ, ಅವಳು ಏನು ಕೇಳುತ್ತಾಳೋ ಅದನ್ನೇ ಹಿಡಿದುಕೊಂಡು ಹೋಗುತ್ತೇವೆ. ಮೂರು ವಾರದಿಂದ ಅಳತೆಯ ಹುಚ್ಚು. ಅತ್ತೆಯವರ ಹಳೇ ಹಿತ್ತಾಳೆ ಪಾವನ್ನು ಅಟ್ಟದಿಂದ ಇಳಿಸಿಕೊಂಡು, ಅಡುಗೆಮನೆ ತುಂಬಾ ಅಕ್ಕಿ ಚೆಲ್ಲಿ, ಎರಡು ಪಾವಿಗೆ ಅಚ್ಚೇರು, ನಾಲ್ಕಕ್ಕೆ ಸೇರು ಅಂತ ಅಳೆದು ನೋಡಿದಳು. ನಿನ್ನೆ "ಹಾಗಾದ್ರೆ ಪಾವು ಅಂದ್ರೆ ಕಾಲು ಸೇರು ಅಲ್ವಾ ಅಮ್ಮ" ಅಂದಳು. ಕಾಲು, ಅರ್ಧ ನಾನು ಹೇಳಿಕೊಟ್ಟೇ ಇರಲಿಲ್ಲ. ಆದರೆ ಒತ್ತಕ್ಷರ ಕಂಡರೆ ಸಾಕು, ಪುಸ್ತಕ ಮುಚ್ಚುತ್ತಾಳೆ. "ಮಗೂನ ಹಾಳು ಮಾಡ್ತಿದೀರಿ" ಅಂತ ಅತ್ತೆ ದಿನಾ ಕಣ್ಣೀರು ಹಾಕುತ್ತಾರೆ.

ಬೆಂಗಳೂರಿನ ಅಪ್ಪ:
ಕಾಯಿರಿ. ನನ್ನ ಮಗ ಸರಾಗವಾಗಿ ಓದಿದ್ದು ಒಂಬತ್ತಕ್ಕೆ. ಈಗ 15, ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ಕೇಂದ್ರದ ಮುಕ್ತ ಶಾಲಾ ಮಂಡಳಿ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿ ಕಟ್ಟಿದ್ದಾನೆ. ಅಲ್ಲಿ 14 ತುಂಬಿರಬೇಕು, ಐದು ವಿಷಯ ಬೇಕು, ಅದರಲ್ಲೊಂದು ಭಾಷೆ. ಎಲ್ಲ ಒಟ್ಟಿಗೆ ಬರೆಯಬೇಕೆಂದಿಲ್ಲ, 5 ವರ್ಷದಲ್ಲಿ 9 ಅವಕಾಶ ಇದೆ. ಆದರೆ ಒಬ್ಬರೇ ಇರಬೇಡಿ. ನಾವು ಐದು ಮನೆಯವರು ಬುಧವಾರ ಕಬ್ಬನ್ ಪಾರ್ಕಿನಲ್ಲಿ ಸೇರುತ್ತೇವೆ, ದೊಡ್ಡ ಹುಡುಗರ ಹಿಂದೆ ಸಣ್ಣವರು ಸುತ್ತುತ್ತಾ ಕಲಿಯುತ್ತಾರೆ. ಅದಿಲ್ಲದಿದ್ದರೆ ನಾವು ಎಂದೋ ಕೈಬಿಡುತ್ತಿದ್ದೆವು.

ಹಳ್ಳಿ ಶಾಲೆ ಮೇಷ್ಟ್ರು:
ನಾನು ಒಪ್ಪುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಲಂ 10 ನೋಡಿ, ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ. ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿಕೊಂಡು ಮನೆ ಮನೆಗೆ ಹೋಗುವವನು ನಾನು. ಕಳೆದ ವರ್ಷ ಹನ್ನೊಂದರ ಹುಡುಗಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಿಗೆ ಬಂದಳು. ಅವಳಪ್ಪ ಹೇಳಿದ್ದೂ "ಮನೇಲೇ ಕಲೀತಾಳೆ ಸಾರ್" ಅಂತಲೇ. ನಿಮ್ಮ ಮಾತು ದೊಡ್ಡದಾದಷ್ಟೂ ಅಂಥವರಿಗೆ ನೆಪ ಸಿಗುತ್ತದೆ. ಇನ್ನೊಂದು, ಮಗುವಿನ ವೇಗಕ್ಕೆ ತಕ್ಕ ಕಲಿಕೆ ಮನೆಯಲ್ಲಿ ಮಾತ್ರ ಅನ್ನಬೇಡಿ. ಆಟವಾಡುತ್ತಾ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲೇ ಶುರುವಾಯಿತು. ಕಲಿಕಾ ಏಣಿಯ ಮೆಟ್ಟಿಲನ್ನು ಪ್ರತಿ ಮಗುವೂ ತನ್ನ ಪಾಡಿಗೆ ಹತ್ತುತ್ತದೆ.

ಬೆಂಗಳೂರಿನ ಅಪ್ಪ:
ಮೇಷ್ಟ್ರೇ, ಸೇರಿಸದ ಪಾಲಕರಿಗೆ ಶಿಕ್ಷೆ ಅಂತ ಆ ಕಾಯ್ದೆಯಲ್ಲಿ ಇಲ್ಲವಲ್ಲ. ಆ ಹುಡುಗಿಯ ವಿಷಯ ಮಾತ್ರ ನಿಜ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಧಾರವಾಡದಾಕಿ:
ಎಲ್ಲಾರೂ ಮಗುವಿನ ಬಗ್ಗೆನೇ ಮಾತಾಡುತ್ತಿದ್ದೀರಿ. ದಿನವಿಡೀ ಮನೆಯಲ್ಲಿ ಇರುವವರು ಯಾರ್ರೀ? ನಾನು ಬ್ಯಾಂಕ್ ಕೆಲಸ ಬಿಟ್ಟು ಎರಡು ವರ್ಷ ಇಬ್ಬರಿಗೂ ಮನೆಯಲ್ಲೇ ಕಲಿಸಿದೆ. ಮಕ್ಕಳು ಖುಷಿಯಾಗಿದ್ದರು. ನಾನು ಮಾತ್ರ ರೊಟ್ಟಿ ಬಡಿಯುತ್ತಾ ಜ್ವಾಲಾಮುಖಿ ಹೇಗೆ ಉಕ್ಕುತ್ತದೆ ಅಂತ ಹೇಳಿ, ಪಾತ್ರೆ ತಿಕ್ಕುತ್ತಾ ಮಗ್ಗಿ ಕೇಳಿ, ರಾತ್ರಿ ಒಬ್ಬಳೇ ಕೂತು ಅಳುತ್ತಿದ್ದೆ. ಮನೆಯವರು ಸಂಜೆ ಬಂದು "ಇವತ್ತು ಏನು ಕಲಿಸಿದಿ?" ಅಂತ ಕೇಳೋರು. ಈಗ ಮಕ್ಕಳು ಶಾಲೆಗೆ ಹೋಗುತ್ತಾರೆ, ನಾನು ಮತ್ತೆ ಕೆಲಸಕ್ಕೆ ಹೋಗುತ್ತೇನೆ. ಮೊದಲು ಗಂಡನ ಜೊತೆ ಕೂತು ವಾರದಲ್ಲಿ ಯಾವ ದಿನ ಯಾರದ್ದು ಅಂತ ಮಾತಾಡಿ, ಆಮೇಲೆ ಅತ್ತೆಯವರ ವಿಷಯ.

ಮೈಸೂರಿನ ಅಮ್ಮ:
ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ಏಳೂ ದಿನ ನನ್ನದೇ. ಇವತ್ತು ರಾತ್ರಿಯೇ ಮಾತಾಡುತ್ತೇನೆ.

ಹಳ್ಳಿ ಶಾಲೆ ಮೇಷ್ಟ್ರು:
ಅತ್ತೆಯವರಿಗೂ ಒಂದು ಕೆಲಸ ಕೊಡಿ. ಅಡುಗೆಮನೆ ತುಂಬಾ ಒತ್ತಕ್ಷರವೇ ಇದೆ ತಾಯಿ. ಅಕ್ಕಿ, ಉಪ್ಪು, ಬೆಲ್ಲ, ತುಪ್ಪ, ಎಣ್ಣೆ. ಡಬ್ಬಕ್ಕೆ ಚೀಟಿ ಬರೆದು ಅಂಟಿಸಲಿ. ಒಂದು ಶನಿವಾರ ಮಗುವನ್ನು ನಮ್ಮ ಶಾಲೆಗೆ ಕರೆದುಕೊಂಡು ಬನ್ನಿ, ನಂಜನಗೂಡು ರಸ್ತೆಯಲ್ಲೇ ಇದೆ. ಸೇರಿಸಿ ಅನ್ನುವುದಿಲ್ಲ, ಸುಮ್ನೆ ಕೂರಲಿ.

ಮೈಸೂರಿನ ಅಮ್ಮ:
ಅತ್ತೆ ಐದು ಚೀಟಿ ಬರೆದರು, ದಪ್ಪ ಅಕ್ಷರದಲ್ಲಿ. ಮಗಳು ಡಬ್ಬ ಹಿಡಿದು "ಉಪು" ಅಂತ ಓದಿದಳು. "ಕೆಳಗೂ ಒಂದು ಕೂತಿದೆ, ನೋಡು" ಅಂದರು ಅತ್ತೆ. ಶನಿವಾರ ಬರುತ್ತೇವೆ ಸಾರ್, ಅವರೂ ಬರುತ್ತಾರಂತೆ.